ಕತ್ತಿನ ಕೆಳಗಿನ ಚೀಟಿ

ಹ್ಯಾಂಡ್ಸ್‌ವರ್ತ್‌ನಲ್ಲಿ ನವೆಂಬರ್ ಎಂದರೆ
ಮರಕ್ಕೆಲ್ಲ ಶೀತವಾಗುವ ತಿಂಗಳು.
ಹೀಟರಿನ ಪಕ್ಕ ಒರಗಿಸಿಟ್ಟ ಗಿಟಾರುಗಳು
ಒಂದು ಮಗ್ಗುಲು ಒಣಗಿ, ಒಂದು ಮಗ್ಗುಲು ನೆನೆದು,
ಕತ್ತು ಉಳುಕಿಸಿಕೊಂಡು ನನ್ನಲ್ಲಿಗೆ ಬರುತ್ತವೆ.

ಐಸಿಲ್ಡಾ ಬ್ರಿಸೆಟ್ ಹೊತ್ತು ತಂದದ್ದು ಬೇಸ್.
ನಾಲ್ಕು ತಂತಿ, ಹನ್ನೊಂದು ವರ್ಷದ ಮೌನ,
ಪೆಟ್ಟಿಗೆ ತೆರೆದರೆ ನುಸಿಗುಳಿಗೆ, ಹಳೆಯ ಬೆವರು.
"ಎಗ್ಬರ್ಟ್ ಇದ್ದಾಗ ಬೆಣ್ಣೆಯ ಹಾಗಿತ್ತು.
ಈಗ ನೋಡು, ಈ ತಂತಿಯ ಮೇಲೆ
ಬಟ್ಟೆ ಒಣಹಾಕಬಹುದು."
ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವಳು,
ಅವಳ ಮಾತಿಗೆ ನಾನು ಎದುರಾಡಲಿಲ್ಲ.
"ಭಾನುವಾರ ಚರ್ಚಿನಲ್ಲಿ ಮೊಮ್ಮಗಳು ನುಡಿಸಬೇಕು.
ಅವಳ ಬೆರಳು ಸಣ್ಣ."

ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದೆ:
ಬಾಣವಿಲ್ಲದ ಬಿಲ್ಲು.
ತಂತಿ ಸಡಿಲಿಸಿ, ಮರದೊಳಗಿನ ಉಕ್ಕಿನ ಸರಳಿಗೆ
ಕೀಲಿ ಕೊಟ್ಟು ಕಾಲು ಸುತ್ತು.
ಅಷ್ಟೇ. ಮಿಕ್ಕದ್ದು ನಾಳೆ.
ವಿಲೆನ್‌ಹಾಲ್‌ನಲ್ಲಿ ಬೀಗ ಮಾಡುತ್ತಿದ್ದ ನಮ್ಮಪ್ಪ ಹೇಳುತ್ತಿದ್ದ:
ಬಿಗಿಯುವುದು ಯಾರಿಗೂ ಬರುತ್ತೆ ಮಗಾ,
ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಕೂಲಿ.

ಮರುದಿನ ಕಾಲು ಸುತ್ತು. ಅದರ ಮರುದಿನ
ಅರೆಪಾಲು, ಉಸಿರು ಬಿಗಿಹಿಡಿದು.
ನಡುವೆ ಹೊಟ್ಟೆ ಬಿಚ್ಚಿದೆ. ಜಾಕಿನ ಬಳಿ
ಒಂದು ಎಳೆ ಬೆಸುಗೆ ಬಿಟ್ಟು ತೂಗುತ್ತಿತ್ತು;
ಮುಟ್ಟಿದರೆ ಮಾತು, ಬಿಟ್ಟರೆ ಮುನಿಸು.
ಹಳೆಯ ಸೀಸ ಕೆರೆದು ಹೊಸ ಹನಿ ಇಟ್ಟೆ,
ಕೋಣೆ ತುಂಬ ರಾಳದ ಹೊಗೆ.

ಕತ್ತು ನೆಟ್ಟಗಾಯಿತು. ಆದರೂ
ಬುಡದಲ್ಲಿ ಏನೋ ತೂಕಡಿಕೆ.
ನಾಲ್ಕು ತಿರುಪು ಬಿಚ್ಚಿ ಕತ್ತನ್ನು ಮೈಯಿಂದ ಬೇರ್ಪಡಿಸಿದರೆ
ಸಂದಿನಲ್ಲಿ ಒಂದು ಕಾಗದ,
ನಾಲ್ಕು ಮಡಿಕೆ, ಉಗುರಿನ ದಪ್ಪ.
ಬೆಣೆ. ಹೊಸದೇನಲ್ಲ.
ಸಿಗರೇಟಿನ ಪ್ಯಾಕು, ಇಸ್ಪೀಟಿನ ಎಲೆ, ಮದುವೆ ಕಾರ್ಡು
ಎಲ್ಲ ಕಂಡಿದ್ದೇನೆ ಅಲ್ಲಿ.

ಇದು ಗಿರವಿ ಚೀಟಿ.
ಸೋಹೋ ರೋಡಿನ ಅಂಗಡಿ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು,
ಹೆಂಗಸಿನ ಉಂಗುರ ಒಂದು,
ಮೂವತ್ತೆರಡು ಪೌಂಡು,
ಹೆಸರು: ಐ. ಬ್ರಿಸೆಟ್.

ಬಿಡಿಸಿಕೊಂಡವರ ಚೀಟಿಯನ್ನು
ಅಂಗಡಿಯವನೇ ಇಟ್ಟುಕೊಳ್ಳುತ್ತಾನೆ.
ಚೀಟಿ ಇಲ್ಲಿ ಉಳಿದಿದೆ ಅಂದರೆ...
ಅವಳು ಮುಂಗಡ ಎಣಿಸಿಕೊಟ್ಟ ಎಡಗೈ ನೆನಪಾಯಿತು,
ಬರಿದಾದ ಆ ಬೆರಳು.

ಮೇಪಲ್ ಮರದ ತೆಳು ಬೆಣೆಯೊಂದನ್ನು ಕೆತ್ತಿಟ್ಟುಕೊಂಡೇ
ಫೋನು ಮಾಡಿದೆ. ಬಂದಳು.
ಕನ್ನಡಕ ಹುಡುಕಿ, ಚೀಟಿ ಬಿಡಿಸದೆಯೇ ಓದಿದವಳಂತೆ
ಬೆರಳಿನಲ್ಲಿ ಸವರಿದಳು.
"ಈ ಬೇಸ್ ಕೊಂಡದ್ದೇ ಆ ದುಡ್ಡಲ್ಲಿ.
ಬಿಡಿಸ್ತೀನಿ, ಬಿಡಿಸ್ತೀನಿ ಅಂದ. ಗಡುವು ಮುಗೀತು.
ಚೀಟಿ ಎಲ್ಲಿ ಅಂದ್ರೆ, ಭದ್ರವಾಗಿದೆ ಕಣೇ ಅಂತಿದ್ದ.
ಮೂವತ್ತು ವರ್ಷ ಅಂದ!"
ಕೆಮ್ಮು ಬರುವವರೆಗೂ ನಕ್ಕಳು.

"ಮರದ ಬೆಣೆ ಹಾಕಲೇ? ಚೀಟಿ ನೀವು ಇಟ್ಟುಕೊಳ್ಳಿ."
"ಇದರಿಂದ ಕೆಲಸ ಆಗುತ್ತೋ ಇಲ್ಲವೋ?"
"ಆಗುತ್ತೆ."
"ಹಾಗಾದರೆ ಅಲ್ಲೇ ಇರಲಿ. ನನ್ನ ಪರ್ಸಿನಲ್ಲಿ
ಅದಕ್ಕೇನು ಕೆಲಸ?"

ಅದೇ ಮಡಿಕೆಗಳಲ್ಲಿ ಮಡಿಸಿ, ಅದೇ ಸಂದಿಗೆ ಇಟ್ಟು,
ತಿರುಪು ಬಿಗಿದೆ, ಎದುರುಬದುರಾಗಿ, ಸರದಿಯಂತೆ.
ಹೊಸ ತಂತಿ. ನಾಲ್ಕು ಕಿವಿ.
ಹಿಂಡಿದರೆ ಮಕ್ಕಳಿಗೆ ಬುದ್ಧಿ ಬರುತ್ತದೆ ಅನ್ನುವುದು ಸುಳ್ಳು;
ಇವಕ್ಕೆ ಬರುತ್ತದೆ, ಅದೂ
ಒಂದೇ ಸಲಕ್ಕಲ್ಲ.
ಹನ್ನೆರಡನೇ ಮೆಟ್ಟಿನಲ್ಲಿ ಒತ್ತಿದ ಸ್ವರ,
ಅಲ್ಲೇ ಬರಿದೇ ಸೋಕಿದ ಸ್ವರ,
ಎರಡೂ ಒಂದಾಗುವ ತನಕ
ಸೇತುವೆಯ ಕುದುರೆಗಳನ್ನು ಹಿಂದೆ ಮುಂದೆ ಸರಿಸುತ್ತ ಸಂಜೆಯಾಯಿತು.

ಶನಿವಾರ ಬಂದ ಹುಡುಗಿ, ರೋಶೇನ್, ಹದಿಮೂರು,
ಥ್ಯಾಂಕ್ಸ್ ಅನ್ನಲೂ ನಾಚಿಕೆ.
ಕೆಳಗಿನ ತಂತಿಯನ್ನು ಒಮ್ಮೆ ಮಿಡಿದಳು.
ಅದು ಕಿವಿಗಿಂತ ಮೊದಲು ಮಂಡಿಗೆ ಬಂತು;
ಷೆಲ್ಫಿನ ತಿರುಪಿನ ಡಬ್ಬ ಝಿಲ್ಲೆಂದಿತು.
ಅಜ್ಜಿ ಬಿಲ್ಲು ಓದುತ್ತಿದ್ದಳು, ಬೆರಳಿಟ್ಟು, ಸಾಲು ಸಾಲಾಗಿ:
"ಬೆಣೆಗೆ ಯಾಕಪ್ಪಾ ಎರಡು ಪೌಂಡು?
ಅದು ನನ್ನದೇ ಅಲ್ಲವೇ?"
ಹೌದು. ಹೊಡೆದು ಹಾಕಿದೆ.
ಎಪ್ಪತ್ತನಾಲ್ಕನೇ ನಂಬರ್ ಬಸ್ಸಿಗೆ ಓಡಿದರು ಇಬ್ಬರೂ,
ಪೆಟ್ಟಿಗೆಯ ಒಂದೊಂದು ತುದಿ ಹಿಡಿದು.